ಠಾಣೆಯ ಪುಸ್ತಕದಲ್ಲಿ ಕಾಣದ ಅಪರಾಧ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸಂಘದ ಮಹಿಳೆಯರ ಮುಂದೆ ಆಡಿದ ಮಾತು)



ನಮ್ಮೂರ ಅಪರಾಧ ಯಾವುದು ಎಂದರೆ ಪಂಪ್‌ಸೆಟ್ ಕಳವು, ದನದ ಕಳವು, ಬದುವಿನ ಜಗಳ ಎನ್ನುತ್ತಾರೆ. ಗಂಡ ಹೊಡೆದದ್ದು ಆ ಪಟ್ಟಿಗೆ ಬರುವುದೇ ಇಲ್ಲ. ಅದು 'ಮನೆ ವಿಷಯ'.

ಒಬ್ಬ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಮೊದಲ ಸಲ ಏಟು ತಿಂದು ತವರಿಗೆ ಬಂದಾಗ ಊರ ಯಜಮಾನರು ನ್ಯಾಯ ಮಾಡಿ ಕಳಿಸುತ್ತಾರೆ. ಅದಕ್ಕೆ ದಾಖಲೆಯಿಲ್ಲ. ಎರಡನೇ ಸಲ ಠಾಣೆಯಲ್ಲಿ ಮುಚ್ಚಳಿಕೆ ಬರೆಸಿ ರಾಜಿ ಮಾಡುತ್ತಾರೆ. ಮೂರನೇ ಸಲ ಆಸ್ಪತ್ರೆ ಚೀಟಿಯಲ್ಲಿ 'ಬಿದ್ದು ಪೆಟ್ಟು'. ಕೊನೆಗೆ 'ಹೊಟ್ಟೆನೋವು ತಾಳಲಾರದೆ ವಿಷ ಕುಡಿದಳು' ಎಂದು ಅಸ್ವಾಭಾವಿಕ ಮರಣದ ಪುಸ್ತಕಕ್ಕೆ ಸೇರುತ್ತಾಳೆ. ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಓದುವವರಿಲ್ಲ. ಓದಿದ್ದರೆ ಎರಡನೆಯದರಲ್ಲೇ ಅಪಾಯ ಕಾಣುತ್ತಿತ್ತು.

ಆದ್ದರಿಂದ ಪ್ರತಿ ಸಂಘದಲ್ಲೂ ಒಂದು ಪುಸ್ತಕ ಇಡೋಣ ಎನ್ನುತ್ತೇನೆ. ಯಾವ ತಿಂಗಳು, ಎಷ್ಟನೇ ಸಲ, ಏನು ಕಾರಣ ಹೇಳಿದರು, ಯಾರು ರಾಜಿ ಮಾಡಿಸಿದರು, ಇಷ್ಟನ್ನು ಬರೆಯಿರಿ. ಹೆಸರು ಬೇಡ, ಗುರುತಿನ ಸಂಖ್ಯೆ ಸಾಕು.

ನಾಲ್ಕು ತಾಲ್ಲೂಕಿಗೂ ಒಂದೇ ಉತ್ತರ ಸಿಗದು. ಹುಣಸೂರು, ಪಿರಿಯಾಪಟ್ಟಣದಲ್ಲಿ 'ತವರಿಂದ ದುಡ್ಡು ತಾ' ಎನ್ನುವುದು ಹೊಗೆಸೊಪ್ಪಿನ ಹರಾಜಿಗೆ ಮೊದಲು ಹೆಚ್ಚೋ, ಬೆಲೆ ಬಿದ್ದ ಮೇಲೋ? ಕೆ.ಆರ್. ನಗರದ ನಾಲೆ ಬಯಲಲ್ಲಿ ಭತ್ತ ಮಾರಿದ ಮೇಲೋ? ಎಚ್.ಡಿ. ಕೋಟೆಯ ಹಾಡಿಗಳಲ್ಲಿ ವರದಕ್ಷಿಣೆಗಿಂತ ಕುಡಿತ ಮುಖ್ಯವೋ? ಸಾರಾಯಿ 2007ರಲ್ಲೇ ನಿಷೇಧವಾಯಿತು. ಈಗ ಮದ್ಯ ಯಾವ ಪೆಟ್ಟಿ ಅಂಗಡಿಯಿಂದ ಬರುತ್ತದೆ? ಊಹೆ ಬೇಡ, ಎಣಿಸಿ ಹೇಳೋಣ.

ಲೆಕ್ಕ ಕೈಯಲ್ಲಿದ್ದರೆ ಕಾನೂನಿನ ಬಾಗಿಲು ತಟ್ಟುವುದು ಸುಲಭ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ತಾಲ್ಲೂಕಿನ ಸಂರಕ್ಷಣಾಧಿಕಾರಿ. ಪೊಲೀಸ್ ಕೇಸು ಬೇಡವೆನ್ನುವವಳೂ ಅವರಲ್ಲಿ ವರದಿ ಬರೆಸಿ, ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ಕೇಳಬಹುದು. ಕೇಸು ಬೇಕೆಂದವಳಿಗೆ ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಮದುವೆಯಾದ 7 ವರ್ಷದೊಳಗೆ ಹೆಣ್ಣು ಆತ್ಮಹತ್ಯೆಯಿಂದ ಅಥವಾ ಸಂಶಯಕ್ಕೆ ಎಡೆಯಿರುವ ರೀತಿಯಲ್ಲಿ ಸತ್ತರೆ ಮ್ಯಾಜಿಸ್ಟ್ರೇಟರೇ ಶವತನಿಖೆ ಮಾಡಬೇಕು. ಮಣ್ಣು ಮಾಡುವ ಮೊದಲೇ ಅದನ್ನು ಕೇಳಿ; ಆಮೇಲೆ ಸಾಕ್ಷಿ ಉಳಿಯುವುದು ಕಷ್ಟ.

ಮುಂದಿನ ಸಭೆಗೆ ಮೂರು ತಿಂಗಳ ಪುಸ್ತಕ ತನ್ನಿ. ಅದನ್ನು ಹಿಡಿದು ಠಾಣಾಧಿಕಾರಿಗಳ ಮುಂದೆ ಕೂತು ಕೇಳೋಣ: ಎರಡು ಸಲ ರಾಜಿಯಾದ ಮನೆಗೆ ಬೀಟ್ ಪೊಲೀಸರು ಎಷ್ಟು ಸಲ ಹೋದರು?