ರಜಾ ಅರ್ಜಿಯಿಂದಾಚೆಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದ ಬಂದಿರುವ ಶಿಕ್ಷಕ ಮಿತ್ರರೆ,

ಪ್ರಾಥಮಿಕ ಶಾಲೆ ಮುಗಿಸಿ ಹೋಗುವ ನಮ್ಮ ಮಕ್ಕಳಿಗೆ ಎಷ್ಟು ಬಗೆಯ ಬರಹ ಕೈಗೆ ಹತ್ತಿರುತ್ತದೆ? ರಜಾ ಅರ್ಜಿ ಬರುತ್ತದೆ. ಅದರಲ್ಲಿ ಯಾವಾಗಲೂ ಜ್ವರವೇ. ಹಸುವಿನ ಮೇಲೊಂದು ಪ್ರಬಂಧ ಬರುತ್ತದೆ: ಹಸು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ. ಮನೆಯ ಹಸು ಯಾರನ್ನು ಕಂಡರೆ ಹಾಯುತ್ತದೆ, ಕರು ಬಿಡದಿದ್ದರೆ ಹೇಗೆ ಹಾಲು ಕಟ್ಟಿಕೊಳ್ಳುತ್ತದೆ ಎಂದು ಬಲ್ಲ ಮಗು ಶಾಲೆಗೆ ಬಂದು ಕಾಲು ಎಣಿಸುತ್ತ ಕೂರುತ್ತದೆ.

ಇದಕ್ಕೆ ಮಗುವಿನ ಸೋಮಾರಿತನ ಕಾರಣವಲ್ಲ, ನಿಮ್ಮದೂ ಅಲ್ಲ. ನಮ್ಮ ಕಲಿಸುವ ಕ್ರಮವೇ ಒಂದು ಕಡೆ ಕಡಿದುಹೋಗಿದೆ. ಎಲ್ಲಿ ಎಂದು ತೋರಿಸಲು ದೂರ ಹೋಗಬೇಕಿಲ್ಲ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯನ್ನೇ ನೋಡಿ. ಅದು ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ನೆರವಿತ್ತು, ಆಂಧ್ರದ ರಿಷಿ ವ್ಯಾಲಿಯ ಮಾದರಿ ಕಣ್ಣಮುಂದಿತ್ತು. ಆದರೆ ಅದನ್ನು ನಮ್ಮ ತರಗತಿಗೆ ಒಗ್ಗಿಸಿದವರು ಇಲ್ಲಿನ ಮೇಷ್ಟ್ರುಗಳು, ಮೇಡಂಗಳು. ಅಪ್ಪ-ಅಮ್ಮನ ಜೊತೆ ಕೂಲಿಗೆ ಹೋಗಿ ವಾರಗಟ್ಟಲೆ ಶಾಲೆ ತಪ್ಪಿಸಿದ ಮಗು ವಾಪಸ್ ಬಂದಾಗ, ಬಿಟ್ಟ ಮೈಲಿಗಲ್ಲಿನಿಂದಲೇ ಕಲಿಕಾ ಏಣಿ ಹತ್ತಬಹುದಿತ್ತು. ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂದು ಹೊರಟಿದ್ದರಿಂದ ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಓದಲು ಬಂತು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. ಈ ಸೀಮೆಯವರು ಇದನ್ನು ಇನ್ನೂ ಸ್ವಲ್ಪ ಜೋರಾಗಿಯೇ ಹೇಳಿಕೊಳ್ಳಬಹುದು.

ನಲಿ-ಕಲಿಯ ತಟ್ಟೆಗಳನ್ನು, ಎಂದರೆ ಮಕ್ಕಳು ಗುಂಪಾಗಿ ಕೂತು ಕಲಿಯುವ ಹಂತಗಳನ್ನು, ನೆನೆಯಿರಿ. ಮೊದಲು ಶಿಕ್ಷಕರ ಪೂರ್ಣ ಬೆಂಬಲ, ಆಮೇಲೆ ಭಾಗಶಃ ಬೆಂಬಲ, ಆಮೇಲೆ ಸಹಪಾಠಿಗಳ ಪೂರ್ಣ ಬೆಂಬಲ, ಆಮೇಲೆ ಅವರ ಭಾಗಶಃ ಬೆಂಬಲ, ಕೊನೆಗೆ ಸ್ವಕಲಿಕೆ. ಅಕ್ಷರಕ್ಕೆ, ಪದಕ್ಕೆ, ಲೆಕ್ಕಕ್ಕೆ ಇಷ್ಟೆಲ್ಲ ಜತನ ಮಾಡಿದ ನಾವು, ಬರಹದ ವಿಷಯಕ್ಕೆ ಬಂದಾಗ ಏನು ಮಾಡುತ್ತೇವೆ? ಹಲಗೆಯ ಮೇಲೆ ಬರೆದದ್ದನ್ನು ನಕಲು ಮಾಡಿಸುತ್ತೇವೆ. ನಾಲ್ಕನೇ ತರಗತಿಗೆ ಬಂದ ಮೇಲೆ 'ಈಗ ನೀವೇ ಸ್ವಂತ ವಾಕ್ಯದಲ್ಲಿ ಬರೆಯಿರಿ' ಅನ್ನುತ್ತೇವೆ. ಮೊದಲ ತಟ್ಟೆಯಿಂದ ನೇರ ಐದನೆಯದಕ್ಕೆ. ನಡುವಿನವು ಮೂರೂ ಖಾಲಿ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1980ರ ದಶಕದಲ್ಲಿ ಜೆ.ಆರ್. ಮಾರ್ಟಿನ್, ಜೋನ್ ರಾಥರಿ ಮತ್ತವರ ಸಂಗಡಿಗರು ಹಿಂದುಳಿದ ಬಡಾವಣೆಗಳ ಶಾಲೆಗಳಲ್ಲಿ ಇದೇ ನಡುವಿನ ಜಾಗದಲ್ಲಿ ಕೆಲಸ ಮಾಡಿದರು. ಮಾದರಿ ಬರಹವೊಂದನ್ನು ಮಕ್ಕಳ ಜೊತೆ ಬಿಚ್ಚಿ ನೋಡುವುದು, ಆಮೇಲೆ ಇಡೀ ತರಗತಿ ಶಿಕ್ಷಕರೊಂದಿಗೆ ಸೇರಿ ಹಲಗೆಯ ಮೇಲೆ ಒಂದನ್ನು ಬರೆಯುವುದು, ಆಮೇಲಷ್ಟೇ ಒಬ್ಬೊಬ್ಬರೇ ಬರೆಯುವುದು. ಮಗುವನ್ನು ಅದರ ಪಾಡಿಗೆ ಬಿಟ್ಟರೆ ಬರಹ ತಾನೇ ಅರಳುತ್ತದೆ ಎನ್ನುವವರ ಜೊತೆ ಅವರು ಜಗಳವನ್ನೂ ಆಡಿದರು. ಆ ಜಗಳದಲ್ಲಿ ನಾನು ಅವರ ಕಡೆ. ಮನೆಯಲ್ಲಿ ಪತ್ರಿಕೆ, ಪುಸ್ತಕ ಇರುವ ಮಗು ಬರಹದ ಬಗೆಗಳನ್ನು ಹೇಗೋ ಹೀರಿಕೊಳ್ಳುತ್ತದೆ. ಹಾಡಿಯಿಂದ ಬರುವ ಜೇನುಕುರುಬರ ಮಗುವಿಗೆ ನಾವು ಹೇಳಿಕೊಡದಿದ್ದರೆ ಇನ್ನಾರು ಹೇಳಿಕೊಡಬೇಕು?

ಹಾಗೆಂದು 'ವಿವರಣಾತ್ಮಕ ಬರಹದ ಲಕ್ಷಣಗಳು' ಎಂದು ಬಾಯಿಪಾಠ ಮಾಡಿಸಲು ಹೊರಡಬೇಡಿ. ವಿಷಯ ಊರಲ್ಲೇ ಇದೆ. ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಮೈಸೂರು ದಸರಾದಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತಿತು. ಈ ಒಂದು ಆನೆಯ ಮೇಲೆ ಏನೇನು ಬರೆಸಬಹುದು ನೋಡಿ. ಏನಾಯಿತು ಎಂದು ನಾಲ್ಕು ಸಾಲಿನ ವರದಿ: ಎಲ್ಲಿ, ಯಾವಾಗ ಎಂಬುದು ಮೊದಲು, ಅಳು ಆಮೇಲೆ. ಅರ್ಜುನನೇ ಹೇಳಿದಂತೆ ಒಂದು ಕತೆ. ಆನೆ ಪಳಗಿಸುವುದು ಹೇಗೆಂದು ಮಾವುತರನ್ನು ಕೇಳಿ ಬರೆದ ವಿವರಣೆ. ಅಲ್ಲಿ 'ನಾನು' ಬರುವುದಿಲ್ಲ, ಕ್ರಮ ಬರುತ್ತದೆ. ವಯಸ್ಸಾದ ಆನೆಯನ್ನು ಅಂಥ ಕೆಲಸಕ್ಕೆ ಕಳಿಸಬೇಕೇ ಎಂಬ ವಾದ; ಅಲ್ಲಿ 'ಏಕೆಂದರೆ' ಬೇಕೇ ಬೇಕು. ಇನ್ನು ಗದ್ದೆಗೆ ಆನೆ ನುಗ್ಗಿದ ಮನೆಯ ಮಗು ಅರಣ್ಯ ಇಲಾಖೆಗೆ ಒಂದು ಅರ್ಜಿ ಬರೆಯಲಿ. ಅದರಲ್ಲಿ ಜ್ವರ ಬರುವುದಿಲ್ಲ.

ಹೀಗೇ ಬರೆಸಲು ಪಿರಿಯಾಪಟ್ಟಣದವರಿಗೆ ತಂಬಾಕಿನ ಬ್ಯಾರನ್ ಇದೆ, ಕೆ.ಆರ್. ನಗರದವರಿಗೆ ಚುಂಚನಕಟ್ಟೆಯ ದನದ ಜಾತ್ರೆ, ಹುಣಸೂರಿನವರಿಗೆ ವೀರನಹೊಸಹಳ್ಳಿಯಿಂದ ಹೊರಡುವ ದಸರಾ ಆನೆಗಳ ಗಜಪಯಣ.

ಒಂದು ಮಾತು ಕೆಂಪು ಪೆನ್ನಿನ ಬಗ್ಗೆ. ನಮ್ಮ ಕಡೆಯ ಮಗು 'ಜಾತ್ರೆಗೆ ಓಗಿದ್ವಿ' ಎಂದು ಬರೆಯುತ್ತದೆ. ಕತೆಯಲ್ಲಿ ಯಾರಾದರೂ ಆಡುವ ಮಾತಾಗಿದ್ದರೆ ಅದು ಅಲ್ಲೇ ಇರಲಿ. ಅರ್ಜಿಯಲ್ಲಾದರೆ 'ಹೋಗಿದ್ದೆವು' ಎಂದು ತಿದ್ದಿಸೋಣ. ಅದೂ ಎರಡನೇ ಕರಡಿನಲ್ಲಿ. ಮೊದಲ ಕರಡಿನಲ್ಲೇ ಹಕಾರ ಹುಡುಕಿದರೆ ಮಗು ಮತ್ತೆ ಹಸುವಿನ ಕಾಲಿಗೇ ಹೋಗುತ್ತದೆ.

ತೊಡಕು ಇರುವುದು ಪರೀಕ್ಷೆಯಲ್ಲಿ. ಉತ್ತರ ಪತ್ರಿಕೆಯಲ್ಲಿ ಒಂದೇ ಕರಡಿಗೆ ಜಾಗ, ಓದುವವರು ಒಬ್ಬರೇ, ಅಂಕ ನಮೂನೆಗೆ. ತರಗತಿಯಲ್ಲಿ ಕೂಡಿ ಬರೆದದ್ದನ್ನು ಮೌಲ್ಯಮಾಪನಕ್ಕೆ ಸೇರಿಸುವುದು ಹೇಗೆ, ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಅದಕ್ಕೆ ಹೊತ್ತು ಎಲ್ಲಿಂದ ತರುವುದು? ಮಧ್ಯಾಹ್ನದ ಗೋಷ್ಠಿಗಳಲ್ಲಿ ಮೊದಲು ಇದನ್ನೇ ಎತ್ತಿಕೊಳ್ಳಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳೂ (ಸಿ.ಆರ್.ಪಿ.) ಕೂತಿದ್ದಾರೆ, ಅವರೆದುರಿಗೇ ಆಗಲಿ.