ಸಾಲ ಯಾವ ನಾಣ್ಯದ್ದು?

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ಸಾಫ್ಟ್‌ವೇರ್‌ನಲ್ಲಿದ್ದೀಯ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ" ಅಂದರು. ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ, ಕ್ಷಮಿಸಬೇಕು. ನಾನು ಹೇಳಹೊರಟಿರುವುದು ಸಾಲದ ವಿಷಯ. ನಾನು ಅರ್ಥಶಾಸ್ತ್ರ ಓದಿದವನಲ್ಲ, ಓದಿದ್ದು ಬಿ.ಇ. ಆದರೆ ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ತಿದ್ದಿದವರು ಇದೇ ಶಾಲೆಯ ಮೇಷ್ಟ್ರು. ಆದ್ದರಿಂದ ಇದನ್ನು ಇಲ್ಲಿಯೇ ಹೇಳುವುದು ಸರಿ ಅನ್ನಿಸಿತು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ನಮ್ಮಮ್ಮ ಗುಬ್ಬಿಯಿಂದ ತುಮಕೂರಿಗೆ, ಅಲ್ಲಿಂದ ಬಸ್ಸು ಬದಲಾಯಿಸಿ ಕುಣಿಗಲ್ ಹತ್ತಿರದ ತವರಿಗೆ ಹೋಗಿ ಬಂದಳು. ಟಿಕೆಟ್‌ಗೆ ಯಾರನ್ನೂ ದುಡ್ಡು ಕೇಳದೆ ತವರಿಗೆ ಹೋಗಿದ್ದು ಅದೇ ಮೊದಲು ಅಂತ ಹೇಳಿಕೊಂಡಳು. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿಯೂ ಶುರುವಾಗಿ ತಿಂಗಳಿಗೆ 2,000 ರೂಪಾಯಿ ಅಂತಾಯಿತು. ಅಪ್ಪ ಜಗಲಿಯ ಮೇಲೆ ಕೂತು, "ಹಿಂಗೇ ಕೊಡ್ತಾ ಹೋದ್ರೆ ನಾವೂ ಶ್ರೀಲಂಕಾ ಆಗ್ತೀವಿ" ಅಂದರು. ಅಮ್ಮ ಒಳಗಿನಿಂದಲೇ, "ನಿಮ್ಮ ಪಂಪ್‌ಸೆಟ್ಟಿನ ಕರೆಂಟಿಗೆ ಯಾವತ್ತು ಬಿಲ್ ಕಟ್ಟಿದ್ರಿ?" ಅಂದಳು. ಅವತ್ತು ರಾತ್ರಿ ಇಬ್ಬರೂ ಮಾತಾಡಲಿಲ್ಲ.

ನಾನು ಅಪ್ಪನ ಕಡೆ. "ಕರ್ನಾಟಕ ಮುಂದಿನ ಶ್ರೀಲಂಕಾ" ಎಂಬ ಮೆಸೇಜೊಂದು ಬಂದಿತ್ತು. ಓದಿಯೂ ಓದದ ಹಾಗೆ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ನಿವೃತ್ತರಾಗಿರುವ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಕೆಳಗೆ ಬರೆದರು: "ಸಾಲ ಯಾವ ನಾಣ್ಯದ್ದು? ಯಾತಕ್ಕೆ ಮಾಡಿದ್ದು? ತೀರಿಸೋರು ಯಾರು? ಮೂರಕ್ಕೂ ಉತ್ತರ ಬರೆದು ಆಮೇಲೆ ಕಳಿಸಪ್ಪ." ಹತ್ತನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಂತ ಹಾಗಾಯಿತು. ಉತ್ತರ ಹುಡುಕಿದೆ. ಇವತ್ತು ಒಪ್ಪಿಸುತ್ತಿದ್ದೇನೆ.

ಮೊದಲನೆಯದು, ನಾಣ್ಯ. 2022ರ ಏಪ್ರಿಲ್ 12ರಂದು ಶ್ರೀಲಂಕಾ ಸರ್ಕಾರ ತನ್ನ ವಿದೇಶಿ ಸಾಲದ ಕಂತು ಕಟ್ಟಲು ಆಗುವುದಿಲ್ಲ ಎಂದು ಘೋಷಿಸಿತು. ಒಟ್ಟು ವಿದೇಶಿ ಸಾಲ ಸುಮಾರು 5,100 ಕೋಟಿ ಡಾಲರ್. ಡಾಲರನ್ನು ಕೊಲಂಬೊದಲ್ಲಿ ಅಚ್ಚು ಹಾಕಲು ಬರುವುದಿಲ್ಲ. ರಫ್ತಿನಿಂದ, ಪ್ರವಾಸಿಗರಿಂದ, ಹೊರದೇಶದಲ್ಲಿ ದುಡಿಯುವವರಿಂದ ಬರಬೇಕು. 2019ರ ಈಸ್ಟರ್ ದಿನದ ಬಾಂಬ್ ಸ್ಫೋಟ, ಆಮೇಲೆ ಕೋವಿಡ್, ಪ್ರವಾಸಿಗರನ್ನು ದೂರ ಮಾಡಿದವು. 2019ರ ಕೊನೆಯಲ್ಲಿ ಅಲ್ಲಿನ ಸರ್ಕಾರ ವ್ಯಾಟ್ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿತ್ತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿ, ಭತ್ತದ ಇಳುವರಿ ಬಿದ್ದಿತು. ಕೊನೆಗೆ ಪೆಟ್ರೋಲ್, ಗ್ಯಾಸ್, ಔಷಧಿ ಎಲ್ಲಕ್ಕೂ ಕ್ಯೂ. ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಹೋದರು. ಪುಕ್ಕಟೆ ಯೋಜನೆಯಿಂದಲೇ ಮುಳುಗಿತು ಅನ್ನುವವರು ಈ ತೆರಿಗೆ ಕಡಿತವನ್ನು ಬಿಟ್ಟು ಮಾತಾಡುತ್ತಾರೆ. ನಾನು ಕಳಿಸಿದ ಮೆಸೇಜಿನಲ್ಲೂ ಅದು ಇರಲಿಲ್ಲ.

ಕರ್ನಾಟಕದ ಕಥೆ ಬೇರೆ. ಸಂವಿಧಾನದ 293ನೇ ವಿಧಿಯ ಪ್ರಕಾರ ರಾಜ್ಯ ಸರ್ಕಾರ ಸಾಲ ಎತ್ತುವುದು ದೇಶದೊಳಗೆ ಮಾತ್ರ, ಅಂದರೆ ರೂಪಾಯಿಯಲ್ಲಿ. ವಿಶ್ವಬ್ಯಾಂಕಿನ ಸಾಲ ಬಂದರೂ ಕೇಂದ್ರದ ಮೂಲಕವೇ ಬರಬೇಕು. 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕಿನ ಪತ್ರಿಕೆಯಲ್ಲಿ ಬಂದ ಲೇಖನವೊಂದು ಶ್ರೀಲಂಕಾದ ಉದಾಹರಣೆ ಕೊಟ್ಟೇ ರಾಜ್ಯಗಳ ಸಾಲದ ಬಗ್ಗೆ ಎಚ್ಚರಿಸಿತು. ತೀರಾ ಒತ್ತಡದಲ್ಲಿರುವ ರಾಜ್ಯಗಳೆಂದು ಅದು ಹೆಸರಿಸಿದ್ದು ಪಂಜಾಬ್, ರಾಜಸ್ಥಾನ, ಬಿಹಾರ, ಕೇರಳ, ಪಶ್ಚಿಮ ಬಂಗಾಳ. ಕರ್ನಾಟಕದ ಹೆಸರಿರಲಿಲ್ಲ. ಮುಂದಿನ ತಿಂಗಳು 19ರಂದು ಶ್ರೀಲಂಕಾ ವಿಷಯಕ್ಕೆಂದೇ ದೆಹಲಿಯಲ್ಲಿ ಸರ್ವಪಕ್ಷ ಸಭೆ ಕರೆದರು. ಅಲ್ಲೂ ನಮ್ಮ ರಾಜ್ಯಗಳ ಸಾಲದ ಪಟ್ಟಿ ಬಂತು, ಕೆಲವು ಪ್ರಾದೇಶಿಕ ಪಕ್ಷಗಳು ಜಗಳಕ್ಕೆ ನಿಂತವು. ಪಕ್ಕದ ಮನೆಗೆ ಬಿದ್ದ ಬೆಂಕಿ ನಮ್ಮನೆಯ ಜಗಳಕ್ಕೆ ಸೌದೆಯಾಯಿತು. ಮರುವರ್ಷ ಅದೇ ಮಾತು ನಮ್ಮ ಜಗಲಿಗೂ ಬಂತು.

ಎರಡನೆಯದು, ತೀರಿಸುವವರು ಯಾರು? ಇದಕ್ಕೆ ಶ್ರೀಲಂಕಾಕ್ಕೆ ಹೋಗಬೇಕಾಗಿಲ್ಲ. 1991ರಲ್ಲಿ ನಮ್ಮ ದೇಶವೇ ಆ ಅಂಚಿನಲ್ಲಿ ನಿಂತಿತ್ತು. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿ, ಕೈಯಲ್ಲಿ ಉಳಿದ ಡಾಲರ್ ಎರಡು ಮೂರು ವಾರದ ಆಮದಿಗೆ ಮಾತ್ರ ಸಾಕಾಗುವಷ್ಟಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಕಳಿಸಿ ಅಡವಿಟ್ಟಿತು. ಅದೇ ತಿಂಗಳು ರೂಪಾಯಿಯ ಬೆಲೆ ಇಳಿಸಿದರು. 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿ ಗೊಬ್ಬರದ ಬೆಲೆಯನ್ನು ಶೇ. 40ರಷ್ಟು ಏರಿಸಿದರು. ವಿರೋಧ ಬಂದ ಮೇಲೆ ಆಗಸ್ಟ್‌ನಲ್ಲಿ ಅದನ್ನು ಶೇ. 30ಕ್ಕೆ ಇಳಿಸಿ, ಸಣ್ಣ ರೈತರಿಗೆ ವಿನಾಯಿತಿ ಅಂದರು. ಅಪ್ಪ ಈಗಲೂ ಹೇಳುತ್ತಾರೆ: "ವಿನಾಯಿತಿ ಪೇಪರಲ್ಲಿ ಓದ್ದೆ ಕಣಪ್ಪ, ಅಂಗಡೀಲಿ ಕಾಣ್ಲಿಲ್ಲ."

ಅದೇ ವರ್ಷ ಜೂನ್‌ನಲ್ಲಿ ಸಾಫ್ಟ್‌ವೇರ್ ರಫ್ತಿಗೆಂದು ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸಂಸ್ಥೆ ಹುಟ್ಟಿತು. ದೇಶಕ್ಕೆ ಡಾಲರ್ ಬೇಕಿತ್ತು, ಬೆಂಗಳೂರು ಅದನ್ನು ದುಡಿದು ಕೊಟ್ಟಿತು. ನನ್ನ ಸಂಬಳ ಆ ದಾರಿಯಲ್ಲಿ ಬಂದದ್ದು. ಇನ್ನೊಂದು ಕಡೆ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ, ತೆರೆದ ಬಾಗಿಲಿನಿಂದ ಬೀಜದ ಮೇಲಿನ ಹಕ್ಕೇ ಹೋಗುತ್ತದೆ ಎಂದು ಡಂಕೆಲ್ ಪ್ರಸ್ತಾವದ ವಿರುದ್ಧ ಬೀದಿಗಿಳಿಯಿತು. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದ್ದು ದೇಶವೆಲ್ಲ ಸುದ್ದಿಯಾಯಿತು. ಒಂದೇ ಬಿಕ್ಕಟ್ಟು ಒಂದೇ ಮನೆಯಲ್ಲಿ ಅಪ್ಪನ ಗೊಬ್ಬರದ ಚೀಲವನ್ನು ತುಟ್ಟಿ ಮಾಡಿತು, ಮಗನಿಗೆ ಕೆಲಸ ಕೊಟ್ಟಿತು. ಲಾಭ ಉಂಡವನು ನಾನು. ಬಡವರಿಗೆ ಕೊಟ್ಟರೆ ದೇಶ ಮುಳುಗುತ್ತದೆ ಎಂದು ಮೆಸೇಜು ಕಳಿಸಿದವನೂ ನಾನೇ. ನಾಚಿಕೆಯಾಯಿತು.

ಮೂರನೆಯದು, ಯಾತಕ್ಕೆ? ನನಗೆ ತುಮಕೂರಿನಲ್ಲಿ ಬಿ.ಇ. ಸೀಟು ಸಿಕ್ಕಾಗ ಅಮ್ಮ ಎರಡು ಬಳೆ ಅಡವಿಟ್ಟಳು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಬಿಡಿಸಿಕೊಟ್ಟೆ. ಅಜ್ಜನ ತಿಥಿಗೆ ಮಾಡಿದ ಸಾಲ ಮಾತ್ರ ಬಡ್ಡಿ ಬೆಳೆದು ಒಂದು ಸಾಲು ತೆಂಗನ್ನೇ ನುಂಗಿತು. ಎರಡೂ ಸಾಲವೇ, ಎರಡೂ ಒಂದೇ ಅಲ್ಲ.

ಹಾಗಾಗಿ ಅಪ್ಪನ ಭಯವನ್ನೂ ನಾನು ತಳ್ಳಿಹಾಕುವುದಿಲ್ಲ. ಐದು ಗ್ಯಾರಂಟಿಗಳಿಗೆ ವರ್ಷಕ್ಕೆ ಸುಮಾರು 52,000 ಕೋಟಿ ರೂಪಾಯಿ ಬೇಕು. 2024-25ರ ಬಜೆಟ್‌ನಲ್ಲಿ ಒಂದು ಲಕ್ಷ ಕೋಟಿಗೂ ಮೀರಿ ಸಾಲ ಎತ್ತುವ ಲೆಕ್ಕವಿತ್ತು. ರೂಪಾಯಿ ಸಾಲವಾದರೂ ಬಡ್ಡಿ ಬಡ್ಡಿಯೇ. ಅದು ಹೋಗುವುದು ಶಾಲೆಯ ಕೋಣೆ, ಮೇಷ್ಟ್ರ ಸಂಬಳ, ಕೆರೆಯ ಹೂಳು, ಇವಕ್ಕೆಲ್ಲ ಕೊಡುವ ಅದೇ ಚೀಲದಿಂದ. ಇದಕ್ಕೆ ಅಳತೆಗೋಲು ನಮ್ಮಲ್ಲೇ ಇದೆ. 2002ರಲ್ಲಿ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು, ದೇಶದಲ್ಲೇ ಮೊದಲು. ಒಟ್ಟು ಸಾಲ ರಾಜ್ಯದ ವರಮಾನದ ಶೇ. 25 ಮೀರಬಾರದು, ವರ್ಷದ ಕೊರತೆ ಶೇ. 3 ದಾಟಬಾರದು ಎಂಬುದು ಅದರ ಗಡಿ. ಯಾವ ಪಕ್ಷದವರು ಮತ ಕೇಳಲು ಬಂದರೂ ಗಡಿಯೊಳಗಿದ್ದೀರಾ ಎಂದು ಕೇಳೋಣ. ಗ್ಯಾರಂಟಿ ಕೊಟ್ಟ ಮೇಲೆ ಶಾಲೆಗೆ ಎಷ್ಟು ಉಳಿಯಿತು ಎಂದು ಕೇಳೋಣ. ದೊಡ್ಡ ಕಂಪನಿಗೆ ಬಿಟ್ಟ ತೆರಿಗೆಯನ್ನೂ, ಪಂಪ್‌ಸೆಟ್ಟಿನ ಕರೆಂಟನ್ನೂ, ಅಮ್ಮನ ಬಸ್ ಟಿಕೆಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗೋಣ. ಇನ್ನೊಂದು ದೇಶದ ಹೆಸರು ಹೇಳಿ ಒಬ್ಬರನ್ನೊಬ್ಬರು ಹೆದರಿಸುವುದು ಬೇಡ.

ಮಕ್ಕಳೇ, ನಿಮ್ಮ ಫೋನಿಗೂ ಇಂಥ ಮೆಸೇಜು ಬರುತ್ತದೆ. ಮುಂದಕ್ಕೆ ಕಳಿಸುವ ಮೊದಲು ಮೇಷ್ಟ್ರ ಮೂರು ಪ್ರಶ್ನೆ ನೆನೆಯಿರಿ. ಇಂಜಿನಿಯರಿಂಗ್ ಕಾಲೇಜು ನನಗೆ ಅನ್ನ ಕೊಟ್ಟಿತು. ಪ್ರಶ್ನೆ ಕೇಳುವುದನ್ನು ಕಲಿಸಿದ್ದು ಈ ಹೆಂಚಿನ ಕೋಣೆ. ಐವತ್ತು ವರ್ಷದಿಂದ ಇದು ನಡೆದದ್ದು ಸರ್ಕಾರದ ದುಡ್ಡಿನಲ್ಲಿ, ಅಂದರೆ ನಮ್ಮೆಲ್ಲರ ದುಡ್ಡಿನಲ್ಲಿ.

ಅಪ್ಪ ಅಮ್ಮ ಇಬ್ಬರೂ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಜಗಳ ಇನ್ನೂ ಮುಗಿದಿಲ್ಲ. ಆದರೆ ಈಗ ಅಪ್ಪ ಶ್ರೀಲಂಕಾ ಅನ್ನುವುದಿಲ್ಲ, ಬಜೆಟ್ ಅನ್ನುತ್ತಾರೆ. ಅಮ್ಮನೂ ಲೆಕ್ಕ ಕೇಳುತ್ತಾಳೆ.