ಹೊಸ ಲಾರಿ ಮಾಲೀಕರಿಗೆ ಡೀಸೆಲ್ ಬಗ್ಗೆ ನಾಲ್ಕು ಮಾತು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬದ ವೇದಿಕೆಯ ಮೇಲೆ ಸಹಕಾರ ತತ್ವದ ಬಗ್ಗೆ ಮಾತಾಡಲು ನನಗಿಂತ ಬಲ್ಲವರು ಬಹಳ ಮಂದಿ ಇದ್ದಾರೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ದೀಪ ಇಂದು ನಮ್ಮಂಥ ಹಳ್ಳಿಗಳಲ್ಲೂ ಉರಿಯುತ್ತಿದೆ ಎಂಬುದನ್ನು ಅವರೇ ಚೆನ್ನಾಗಿ ಹೇಳಿಯಾರು. ನನಗೆ ಗೊತ್ತಿರುವುದು ಡೀಸೆಲ್ ಗಾಡಿಯ ಕೆಲಸ. ಅದನ್ನೇ ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಇದೇನು ಬೆಳ್ಳಿಹಬ್ಬಕ್ಕೆ ಹೊಂದುವ ವಿಷಯವೇ ಅಂತ ಕೆಲವರು ಕೇಳಬಹುದು. ಹೊಂದತದ ನೋಡ್ರಿ. ಮಾನ್ವಿ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಭತ್ತ, ಹತ್ತಿ ಹೆಚ್ಚಾಯಿತು. ಬೆಳೆದದ್ದು ರಾಯಚೂರಿನ ಮಾರುಕಟ್ಟೆಗೆ, ಅಕ್ಕಿ ಗಿರಣಿಗೆ, ಜಿನ್ನಿಂಗ್ ಫ್ಯಾಕ್ಟರಿಗೆ ಹೋಗಬೇಕು. ಶಕ್ತಿನಗರದ ಬೂದಿ ಸಾಗಬೇಕು, ಮರಳು, ಜಲ್ಲಿ ಬರಬೇಕು. ಹಾಗಾಗಿ ನಮ್ಮ ಹುಡುಗರು ಸಾಲ ಮಾಡಿ ಲಾರಿ, ಟಿಪ್ಪರ್ ತರುತ್ತಿದ್ದಾರೆ. ಸಂತೋಷದ ಮಾತು. ಆದರೆ ಸಾಲಕ್ಕೆ ಜಾಮೀನು ಹಾಕಿದವರು ಪಕ್ಕದ ಮನೆಯವರು, ಸೋದರಮಾವಂದಿರು. ಸುಗ್ಗಿಯ ಹದಿನೈದು ದಿನ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಕಂತು ತಪ್ಪುತ್ತದೆ. ಕಂತು ತಪ್ಪಿದರೆ ಮಾಲೀಕನ ಜೊತೆಗೆ ಜಾಮೀನುದಾರರ ನಿದ್ದೆಯೂ ಹೋಗುತ್ತದೆ. ಗಾಡಿ ಹೀಗೆ ನಿಲ್ಲುವುದಕ್ಕೆ ಬಹಳ ಸಲ ಕಾರಣ ಟಾಕಿಯೊಳಗೇ ಇರುತ್ತದೆ.

ಡೀಸೆಲ್ ಇಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ 500 ಡಿಗ್ರಿಗೂ ಹೆಚ್ಚು ಕಾಯಿಸುತ್ತದೆ. ಆ ಕಾದ ಗಾಳಿಗೆ ನಾಜಲ್ಲಿನಿಂದ ಡೀಸೆಲ್ ಮಂಜಿನ ಹಾಗೆ ಸಿಡಿದು ತಾನೇ ಹೊತ್ತಿಕೊಳ್ಳುತ್ತದೆ. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಆ ಸಿಡಿಯುವ ಒತ್ತಡ ಲಾರಿ ಟೈರಿನ ಗಾಳಿಗಿಂತ ಸುಮಾರು ಇನ್ನೂರು ಪಟ್ಟು. ಅಷ್ಟು ಒತ್ತಡದಲ್ಲಿ ಕೂದಲೆಳೆಗಿಂತ ಎಷ್ಟೋ ಸಣ್ಣ ಧೂಳಿನ ಕಣವೂ ಕಬ್ಬಿಣವನ್ನು ಅರದ ಹಾಗೆ ಕೊರೆಯುತ್ತದೆ. ಪಂಪಿಗೂ ನಾಜಲ್ಲಿಗೂ ಬೇರೆ ಗ್ರೀಸ್ ಇಲ್ಲ, ಡೀಸೆಲ್ಲೇ ಅವಕ್ಕೆ ಗ್ರೀಸು. ಡೀಸೆಲ್ಲಿನಲ್ಲಿ ನೀರು ಸೇರಿದರೆ ತುಕ್ಕು, ಮಣ್ಣು ಸೇರಿದರೆ ಸವಕಳಿ. ಹಳೆಯ ಗಾಡಿಗಳು ತಡಕೊಂಡವು, ಹೊಸವು ತಡಕೊಳ್ಳೋದಿಲ್ಲ. "ನಮ್ಮಪ್ಪ ಹಿಂಗ ಮಾಡ್ತಿದ್ದ, ಏನೂ ಆಗಲಿಲ್ಲ" ಅನ್ನೋ ಮಾತು ಇಲ್ಲಿ ನಡೆಯಂಗಿಲ್ಲ.

ಮೊದಲನೆಯ ಮಾತು, ಎಲ್ಲಿ ಹಾಕಿಸಬೇಕು ಎಂಬುದು. ವ್ಯಾಪಾರ ಚೆನ್ನಾಗಿರುವ ಒಂದೆರಡು ಬಂಕುಗಳನ್ನು ಗೊತ್ತುಮಾಡಿಕೊಂಡು ಅಲ್ಲೇ ಹಾಕಿಸಿರಿ. ದಿನವೂ ಮಾರಾಟವಾಗುವ ಕಡೆ ಎಣ್ಣೆ ಹಳೆಯದಾಗಿ ಕೂಡುವುದಿಲ್ಲ. ಒಂದೇ ಕಡೆ ಹಾಕಿಸಿದರೆ ಹೆಚ್ಚುಕಮ್ಮಿಯಾದಾಗ ಯಾರನ್ನು ಕೇಳಬೇಕೆಂಬುದೂ ಗೊತ್ತಿರುತ್ತದೆ. ಟ್ಯಾಂಕರ್ ಬಂದು ನೆಲದೊಳಗಿನ ಟ್ಯಾಂಕಿಗೆ ಎಣ್ಣೆ ಇಳಿಸುತ್ತಿದ್ದರೆ ಆಗ ಹಾಕಿಸಬೇಡಿರಿ. ತಳದಲ್ಲಿ ಕೂತ ಕೆಸರು, ನೀರು ಕದಡಿ ಮೇಲೆ ಬರುತ್ತದೆ. ಚಹಾ ಕುಡಿದು ಸ್ವಲ್ಪ ತಡೆದು ಹಾಕಿಸಿರಿ, ಇಲ್ಲವೇ ಮುಂದಿನ ಬಂಕಿಗೆ ಹೋಗಿರಿ. 2009ರ ನೆರೆಯನ್ನೂ 2019ರ ಕೃಷ್ಣೆಯ ನೆರೆಯನ್ನೂ ಕಂಡವರು ನಾವು. ದೊಡ್ಡ ಮಳೆಯಾಗಿ ಬಂಕಿನ ಅಂಗಳದಲ್ಲಿ ನೀರು ನಿಂತಿದ್ದರೆ, ಟ್ಯಾಂಕಿನಲ್ಲಿ ನೀರು ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿಯೇ ಹಾಕಿಸಿರಿ.

ಎರಡನೆಯದು, ಬಂಕಿನಲ್ಲಿ ನಡಕೊಳ್ಳುವ ರೀತಿ. ಚಾಲಕ ಕ್ಯಾಬಿನ್ನಿನಲ್ಲಿ ಕೂತು ಮೊಬೈಲ್ ನೋಡುವುದಲ್ಲ, ಕೆಳಗಿಳಿಯಬೇಕು. ಪೈಪು ಡೀಸೆಲ್ಲಿನದೇ ಹೌದೋ ಅಲ್ಲವೋ ನೋಡಬೇಕು. ಮೀಟರು ಸೊನ್ನೆಗೆ ಬಂದದ್ದನ್ನು ನೋಡಬೇಕು. ಬಿಲ್ ತಗೋಬೇಕು. ಅಳತೆಯಲ್ಲಿ ಅನುಮಾನ ಬಂದರೆ ಜಗಳ ಬೇಡ. ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು. ಅದರಲ್ಲಿ ಹಾಕಿ ತೋರಿಸಿರಿ ಎಂದು ಕೇಳುವುದು ಗಿರಾಕಿಯ ಹಕ್ಕು. 5 ಲೀಟರಿಗೆ 25 ಮಿಲಿ ಲೀಟರಿನಷ್ಟು ವ್ಯತ್ಯಾಸಕ್ಕೆ ಅವಕಾಶವಿದೆ, ಅದಕ್ಕೂ ಮೀರಿ ಕಡಿಮೆ ಬಂದರೆ ದೂರು ಕೊಡಬಹುದು. ಸಾಂದ್ರತೆಯನ್ನೂ ಪರೀಕ್ಷಿಸಲು ಕೇಳಬಹುದು. ಟ್ಯಾಂಕರ್ ಬಂದಾಗ ಬರೆದಿಟ್ಟ ಅಂಕಿಗೂ ಈಗಿನ ಅಂಕಿಗೂ 3ಕ್ಕಿಂತ ಹೆಚ್ಚು ಅಂತರ ಇರಬಾರದು. ಕೇಳಿದವರಿಗೆ ತೋರಿಸುವ ಬಂಕು ಒಳ್ಳೆಯ ಬಂಕು.

ಬೆಳಗಿನ ಜಾವ ಹಾಕಿಸಿದರೆ ಎಣ್ಣೆ ಹೆಚ್ಚು ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಎಣ್ಣೆ ಇರುವುದು ನೆಲದ ಒಳಗೆ. ಅಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಬಿಸಿ ಹೆಚ್ಚು ಬದಲಾಗುವುದಿಲ್ಲ. ಅದಕ್ಕಾಗಿ ನಿದ್ದೆಗೆಟ್ಟು ಸಾಲು ಹಚ್ಚುವುದು ಬೇಡ. ಅದರ ಬದಲು ಸಂಜೆ ಕೆಲಸ ಮುಗಿದ ಮೇಲೆ ಹಾಕಿಸುವ ರೂಢಿ ಮಾಡಿಕೊಳ್ಳಿರಿ. ಖಾಲಿ ಟಾಕಿಯಲ್ಲಿ ರಾತ್ರಿ ಗಾಳಿ ತಣ್ಣಗಾಗಿ ಒಳಗೋಡೆಗೆ ಹನಿ ಕಟ್ಟುತ್ತದೆ, ಆ ಹನಿ ಇಳಿದು ತಳಕ್ಕೆ ಸೇರುತ್ತದೆ. ಮಳೆಗಾಲದಲ್ಲಂತೂ ಇದು ಹೆಚ್ಚು. ಆದರೆ ಬಾಯಿ ಮಟ್ಟ ತುಂಬಿಸಬೇಡಿರಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ. 200 ಲೀಟರ್ ಎಣ್ಣೆ 15 ಡಿಗ್ರಿ ಬಿಸಿಯೇರಿದರೆ ಎರಡೂವರೆ ಲೀಟರಿನಷ್ಟು ಉಬ್ಬುತ್ತದೆ. ಆ ಎರಡೂವರೆ ಲೀಟರು ರಸ್ತೆಯ ಪಾಲು. ಹಿಂದೆ ಬರುವ ಬೈಕಿನವರು ಜಾರಿ ಬಿದ್ದರೆ ಅದರ ಪಾಪ ಬೇರೆ.

ಟಾಕಿಯ ಮುಚ್ಚಳದ ಮಾತು ಸಣ್ಣದು ಅನಿಸಬಹುದು. ಮುಚ್ಚಳ ಕಳೆದರೆ ಹಳೇ ಬಟ್ಟೆ ತುರುಕಿ ಓಡಿಸುವ ಗಾಡಿಗಳನ್ನು ನಾವೆಲ್ಲ ನೋಡಿದ್ದೇವೆ. ನಮ್ಮದು ಯರೆ ಭೂಮಿ. ಬೇಸಿಗೆಯಲ್ಲಿ ಮೊಣಕಾಲುದ್ದ ಧೂಳು, ಮಳೆಗಾಲದಲ್ಲಿ ಕೆಸರು. ಬಟ್ಟೆಯ ಮೂಲಕ ಎರಡೂ ಒಳಗೆ ಹೋಗುತ್ತವೆ, ಜೊತೆಗೆ ಬಟ್ಟೆಯ ಎಳೆಗಳೂ ಹೋಗುತ್ತವೆ. ಮುಚ್ಚಳದ ಬೆಲೆಗೂ ನಾಜಲ್ಲಿನ ಬೆಲೆಗೂ ಹೋಲಿಕೆಯೇ ಇಲ್ಲ. ಬೀಗದ ಮುಚ್ಚಳ ಹಾಕಿಸಿದರೆ ರಾತ್ರಿಯ ಕಳ್ಳತನವೂ ತಪ್ಪುತ್ತದೆ. ತೆಗೆಯುವ ಮೊದಲು ಸುತ್ತಲಿನ ಧೂಳು ಒರೆಸಿರಿ.

ಮೂರನೆಯದು, ಫಿಲ್ಟರು. ಡೀಸೆಲ್ ಫಿಲ್ಟರಿನ ಕೆಳಗೆ ನೀರು ತೆಗೆಯುವ ತಿರುಪು ಇರುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲಿ ಕೂಡುತ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಅದನ್ನು ಸಡಿಲಿಸಿ ಒಂದು ಗಾಜಿನ ಸೀಸೆಗೆ ಸ್ವಲ್ಪ ಹಿಡಿಯಿರಿ. ಕೆಳಗೆ ನೀರು ಕಂಡರೆ ಶುದ್ಧ ಡೀಸೆಲ್ ಬರುವ ತನಕ ಬಿಡಿರಿ. ವಾರಕ್ಕೊಮ್ಮೆ ಸಾಕು, ಮಳೆಗಾಲದಲ್ಲಿ ದಿನವೂ ಮಾಡಿದರೆ ಒಳ್ಳೆಯದು. ನೀರಿನ ದೀಪ ಹತ್ತಿದ ಮೇಲೂ "ಮಾಲು ಇಳಿಸಿ ಬಂದು ನೋಡೋಣ" ಎಂದು ಓಡಿಸಬೇಡಿರಿ. ಫಿಲ್ಟರನ್ನು ಕಂಪನಿ ಹೇಳಿದ ಅವಧಿಗೆ ಬದಲಿಸಿರಿ, ತೊಳೆದು ಮತ್ತೆ ಹಾಕಬೇಡಿರಿ.

ಹಾಗೆಯೇ ಎಣ್ಣೆಯನ್ನು ಕಾಲು ಟಾಕಿಗಿಂತ ಕೆಳಗೆ ಇಳಿಸಬೇಡಿರಿ. ರಾಯಚೂರಿಂದ ಮಾನ್ವಿಗೆ ಆಗಲಿ, ದೇವದುರ್ಗಕ್ಕೆ ಆಗಲಿ ಐವತ್ತು ಕಿಲೋಮೀಟರಿನ ಆಸುಪಾಸು. "ಇಷ್ಟೇ ಅಲ್ಲ, ಮುಟ್ಟತದ" ಅಂತ ಹೊರಟವರು ನಡುದಾರಿಯಲ್ಲಿ ನಿಲ್ಲುತ್ತಾರೆ. ಪೆಟ್ರೋಲ್ ಬೈಕಿಗೆ ಬಾಟಲಿಯಲ್ಲಿ ತಂದು ಹಾಕಿದರೆ ಹೊರಡುತ್ತದೆ. ಡೀಸೆಲ್ ಗಾಡಿ ಏರ್ ಹಿಡಿಯುತ್ತದೆ. ಕೈ ಪಂಪಿನಿಂದ ಗಾಳಿ ತೆಗೆಯದೆ ಅದು ಏಳುವುದಿಲ್ಲ. ಸುಮ್ಮನೆ ಸೆಲ್ಫ್ ಹೊಡೆದರೆ ಬ್ಯಾಟರಿಯೂ ಹೋಗುತ್ತದೆ, ಒಣಗಿದ ಪಂಪೂ ಸವೆಯುತ್ತದೆ.

ಇನ್ನು ನಾಲ್ಕನೆಯದು, ಬಹಳ ಮುಖ್ಯವಾದದ್ದು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಬಂದಿದೆ. ಈಗಿನ ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಟಾಕಿ. ದೊಡ್ಡದು ಡೀಸೆಲ್ಲಿಗೆ, ನೀಲಿ ಮುಚ್ಚಳದ ಸಣ್ಣದು ಡಿಇಎಫ್ ಎಂಬ ದ್ರವಕ್ಕೆ. ಹೊಗೆಯಲ್ಲಿನ ವಿಷವನ್ನು ಕಡಿಮೆ ಮಾಡಲು ಅದು ಬೇಕು. ಡೀಸೆಲ್ಲಿನ ಟಾಕಿಗೆ ಡಿಇಎಫ್ ಬಿದ್ದರೂ, ಡಿಇಎಫ್ ಟಾಕಿಗೆ ಡೀಸೆಲ್ ಬಿದ್ದರೂ ದೊಡ್ಡ ಖರ್ಚು. ಹೊಸ ಕ್ಲೀನರಿಗೆ ಮೊದಲ ದಿನವೇ ಎರಡೂ ಮುಚ್ಚಳ ಕೈಯಿಂದ ಮುಟ್ಟಿಸಿ ತೋರಿಸಿರಿ.

ಈ ಡಿಇಎಫ್ ಅಂದರೆ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಇದನ್ನು ಕೇಳಿದ ಕೂಡಲೇ ಕೆಲವರ ಕಣ್ಣು ಸಂಘದ ಗೋದಾಮಿನ ಕಡೆ ಹೋಗುತ್ತದೆ! ಬ್ಯಾಡ್ರಿ. ನಮ್ಮ ಹೊಲದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪನ ಇದೆ, ಬೇರೆ ಕಲ್ಮಶವೂ ಇದೆ. ಬೋರಿನ ನೀರಿನಲ್ಲಿ ಸುಣ್ಣದಂಶ ಇದೆ. ಇವೆರಡನ್ನು ಕಲಸಿ ಹಾಕಿದರೆ ಹೊಗೆ ಶುದ್ಧ ಮಾಡುವ ಯಂತ್ರವೇ ಕಟ್ಟಿಕೊಂಡು ಕೆಡುತ್ತದೆ. ಮೇಲಾಗಿ ರೈತರಿಗೆ ಸಹಾಯಧನದಲ್ಲಿ ಬರುವ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅಪರಾಧ. ಮುದ್ರೆಯಿರುವ ಡಬ್ಬಿಯ ಡಿಇಎಫ್ ತಂದು ನೆರಳಿನಲ್ಲಿ ಇಡಿರಿ. ಬಿಸಿಲಿಗೆ ಅದು ಬೇಗ ಕೆಡುತ್ತದೆ.

ಡೀಸೆಲ್ ಟಾಕಿಗೆ ಯಾರಾದರೂ ಪೆಟ್ರೋಲ್ ಅಥವಾ ಡಿಇಎಫ್ ಹಾಕಿಬಿಟ್ಟರೆ ಮಾಡಬೇಕಾದ್ದು ಒಂದೇ. ಕೀಲಿ ತಿರುಗಿಸಬೇಡಿರಿ. ಗಾಡಿಯನ್ನು ತಳ್ಳಿ ಪಕ್ಕಕ್ಕೆ ಹಚ್ಚಿ ಮೆಕ್ಯಾನಿಕ್ ಕರೆಸಿರಿ. ಸ್ಟಾರ್ಟ್ ಮಾಡದಿದ್ದರೆ ಬಹುಪಾಲು ಟಾಕಿ ತೊಳೆದು ಮುಗಿಯುತ್ತದೆ. ಮಾಡಿದರೆ ಪಂಪು, ಪೈಪು, ನಾಜಲ್ಲು ಎಲ್ಲಕ್ಕೂ ಹರಡುತ್ತದೆ. ಹಾಕಿದ ಹುಡುಗ ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಇಂಜಿನ್ನೇ ಹೋಗುತ್ತದೆ. ಆದ್ದರಿಂದ ತಪ್ಪು ಹೇಳಿಕೊಂಡವನನ್ನು ಬೈಯಬೇಡಿರಿ, ಮಾಲೀಕರಿಗೆ ಇದು ನನ್ನ ವಿನಂತಿ.

ಐದನೆಯದು, ಅಗ್ಗದ ಎಣ್ಣೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ ಒಂದನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ನಮ್ಮ ನಾಡಿನ ಬೆಳೆಗೆ ಅದೊಂದು ಗೌರವವೇ. ಆದರೆ ಅಂದಿನ ಇಂಜಿನ್ ಬೇರೆ, ಇಂದಿನದು ಬೇರೆ. ದಾರಿಬದಿಯ ಶೆಡ್ಡಿನಲ್ಲಿ ಪರವಾನಗಿ ಇಲ್ಲದೆ "ಬಯೋಡೀಸೆಲ್" ಎಂದು ಮಾರುವುದು, ಸೀಮೆಎಣ್ಣೆ ಬೆರೆಸಿದ್ದು, ಯಾರದೋ ಗಾಡಿಯಿಂದ ಇಳಿಸಿ ಕ್ಯಾನಿನಲ್ಲಿ ಕೊಡುವುದು, ಇವು ಯಾವುವೂ ಬೇಡ. ಲೀಟರಿಗೆ ಹತ್ತು ರೂಪಾಯಿ ಉಳಿಸಿ ಸಾವಿರಗಟ್ಟಲೆ ಕಳಕೊಳ್ಳುವ ವ್ಯಾಪಾರ ಅದು. ನಾಜಲ್ಲು ಕೆಟ್ಟಾಗ ಕಂಪನಿಯವರು ಎಣ್ಣೆಯನ್ನು ಪರೀಕ್ಷಿಸಿದರೆ ವಾರಂಟಿಯೂ ಸಿಗಲಿಕ್ಕಿಲ್ಲ. ಟ್ರ್ಯಾಕ್ಟರಿಗೆಂದು ಮನೆಯಲ್ಲಿ ಡೀಸೆಲ್ ಇಡುವವರು ಜಿಂಕ್ ಬಳಿದ ಡ್ರಮ್ಮು ಬಳಸಬೇಡಿರಿ. ತಂದದ್ದು ಒಂದು ದಿನ ಅಲುಗದೆ ನಿಲ್ಲಲಿ, ತಳದ ನಾಲ್ಕು ಬೆರಳಷ್ಟನ್ನು ಗಾಡಿಗೆ ಹಾಕಬೇಡಿರಿ. ಬಾಯಿಂದ ಎಳೆಯುವುದಂತೂ ಬೇಡವೇ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ಕಡೆಯದು, ಲೆಕ್ಕ. 2017ರ ಜೂನ್ 16ರಿಂದ ಡೀಸೆಲ್ ದರ ದಿನವೂ ಪರಿಷ್ಕರಣೆಗೆ ಒಳಪಟ್ಟಿದೆ. ನಾವು ಗಡಿ ಜಿಲ್ಲೆಯವರು. ತೆಲಂಗಾಣ, ಆಂಧ್ರದ ಬಾಡಿಗೆ ಇದ್ದರೆ ಹೊರಡುವ ಮೊದಲು ಎರಡೂ ಕಡೆಯ ದರ ವಿಚಾರಿಸಿರಿ. ತೆರಿಗೆ ಬೇರೆ ಇರುವುದರಿಂದ ದರವೂ ಬೇರೆ, ಈಚಿನ ವರ್ಷಗಳಲ್ಲಿ ನಮ್ಮ ಕಡೆ ಕಡಿಮೆ ಇದ್ದದ್ದೇ ಹೆಚ್ಚು.

ಒಂದು ನೋಟ್‌ಬುಕ್ ಗಾಡಿಯಲ್ಲಿಡಿರಿ. ಟಾಕಿ ತುಂಬಿಸಿದ ದಿನ ಕಿಲೋಮೀಟರ್ ಬರೆಯಿರಿ. ಮುಂದಿನ ಸಲ ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿರಿ. ಲೀಟರಿಗೆ 4 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಮೂರೂವರೆಗೆ ಇಳಿದರೆ, ತಿಂಗಳಿಗೆ 5,000 ಕಿಲೋಮೀಟರ್ ಓಡುವವರಿಗೆ 178 ಲೀಟರ್ ಹೆಚ್ಚು ಬೇಕು. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ 16,000 ರೂಪಾಯಿ. ಎಷ್ಟೋ ಮನೆಗಳ ತಿಂಗಳ ಸಂತೆ, ಫೀಸು ಅದರಲ್ಲಿ ಆಗುತ್ತದೆ. ಇಳಿದದ್ದು ಕಂಡರೆ ಚಾಲಕನ ಮೇಲೆ ಮೊದಲೇ ಅನುಮಾನಪಡಬೇಡಿರಿ. ಟೈರಿನ ಗಾಳಿ, ಏರ್ ಫಿಲ್ಟರು, ಬ್ರೇಕ್ ಹಿಡಿಯುತ್ತಿದೆಯೋ, ಎಣ್ಣೆ ಸೋರುತ್ತಿದೆಯೋ ನೋಡಿರಿ. ಗಿರಣಿಯ ಮುಂದೆ ಸಾಲಿನಲ್ಲಿ ನಿಂತಾಗ ಇಂಜಿನ್ ಬಂದ್ ಮಾಡಿರಿ. ದೊಡ್ಡ ಲಾರಿ ಸುಮ್ಮನೆ ನಿಂತು ಉರಿದರೂ ಗಂಟೆಗೆ ಎರಡು ಲೀಟರಿನಷ್ಟು ಕುಡಿಯುತ್ತದೆ.

ಹನಿ ಹನಿ ಕೂಡಿದರೆ ಹಳ್ಳ ಅಂತಾರೆ ಹಿರಿಯರು. ಸಂಘ ಬೆಳೆದದ್ದು ಸದಸ್ಯರು ಹನಿ ಹನಿಯಾಗಿ ಕೂಡಿಸಿದ ಷೇರು ಹಣದಿಂದ. ಲಾರಿ ಮಾಲೀಕನ ಮನೆ ನಿಲ್ಲುವುದೂ ಅವನು ಹನಿ ಹನಿಯಾಗಿ ಉಳಿಸಿದ ಡೀಸೆಲ್ಲಿನಿಂದ. ಹೊಸ ಗಾಡಿ ತಂದವರು ಪೂಜೆ ಮಾಡಿಸಿ ನಿಂಬೆಹಣ್ಣು ಕಟ್ಟುತ್ತೀರಿ, ಕಟ್ಟಿರಿ. ಅದರ ಜೊತೆಗೆ ನೋಟ್‌ಬುಕ್ಕು, ಗಾಜಿನ ಸೀಸೆ, ಬೀಗದ ಮುಚ್ಚಳ ಈ ಮೂರನ್ನೂ ಅದೇ ದಿನ ಗಾಡಿಯಲ್ಲಿಡಿರಿ. ಕಂತು ಹೊತ್ತಿಗೆ ಸರಿಯಾಗಿ ತುಂಬಿರಿ, ಜಾಮೀನು ಹಾಕಿದವರು ನಿಮ್ಮನ್ನು ಕಂಡು ನಗುವ ಹಾಗೆ ಬಾಳಿರಿ.

ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ.